ಪೈಲವಾನನ ಬಾಯಲ್ಲಿ ನನ್ನ ಚಪ್ಪಲಿ

ಇವತ್ತು ಬೆಳಿಗ್ಗೆ ಹೊಸ್ತಿಲ ಹೊರಗೆ ನನ್ನ ಚಪ್ಪಲಿ ಒಂದೇ ಇತ್ತು. ಇನ್ನೊಂದು ಇರಲಿಲ್ಲ!

ಸಿಂದಗಿ ಬಸ್ಸಿನ ಹೊತ್ತಾಗಿತ್ತು. ಕೈಯಲ್ಲಿ ಚೀಲ ಹಿಡಿದು, ಬಲಗಾಲಿಗೆ ಚಪ್ಪಲಿ ಮೆಟ್ಟಿ, ಎಡಗಾಲನ್ನು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತುಬಿಟ್ಟೆ. ಬೇರೆಯವರಿಗಾದರೆ ಸಿಟ್ಟು ಬರುತ್ತಿತ್ತು. ನನಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಸವೆದ ಚಪ್ಪಲಿಯೊಂದು ಕಾಣದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಬಸ್ಸಂತೂ ಹೋಯಿತು.

ನಮ್ಮ ನಾಯಿಯ ಹೆಸರು ಪೈಲವಾನ. ಹೆಸರಿಟ್ಟವರು ನನ್ನ ಯಜಮಾನರು. ತಾಂಬಾದ ಈ ಮನೆಯ ಮುಂಭಾಗದಲ್ಲೇ ಅವರು ನೀರೆತ್ತುವ ಮೋಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರು. ಒಮ್ಮೆ ಮುಳವಾಡದ ಕಡೆ ಯಾರದೋ ಹೊಲದ ಮೋಟರ್ ನೋಡಲು ಹೋದವರು ಸಾಯಂಕಾಲ ಪಾನಾ, ಇಕ್ಕಳಗಳ ಚೀಲದೊಳಗಿಂದ ಒಂದು ಮರಿಯನ್ನು ಹೊರಗೆ ತೆಗೆದರು. ರೊಟ್ಟಿಯ ಹಾಗೆ ತೆಳ್ಳಗಿತ್ತು. "ಪೈಲ್ವಾನ ಬಂದಾನ ನೋಡ, ಹಾಲ ಕಾಸು" ಎಂದರು. ನಾನು ಹಾಲು ಕಾಸಿದೆ. ನಾನು ಮೊದಲಿನಿಂದಲೂ ಮಾತಿನವಳಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟಾಗ ಮಾಸ್ತರರಿಗೆ ನನ್ನ ಹೆಸರು ನೆನಪಿರಲಿಲ್ಲ, ಅಷ್ಟು ಸುಮ್ಮನಿದ್ದವಳು. ಮನೆಯ ಮಾತನ್ನೆಲ್ಲ ಅವರೇ ಆಡುತ್ತಿದ್ದರು, ನನ್ನ ಪಾಲಿನದನ್ನೂ ಸೇರಿಸಿ.

ಆ ಮಾತಿನಲ್ಲಿ ಮುಕ್ಕಾಲು ಬೈಗುಳ. ನಮ್ಮ ಕಡೆಯ ಜನರ ಬಾಯಿ ನಿಮಗೆ ಗೊತ್ತಿರಬಹುದು. ಬಂದ ಅಳಿಯನಿಗೂ ಬೈದೇ ಉಣ್ಣಿಸುತ್ತೇವೆ. ಯಾರಾದರೂ ಬೈಯುವುದನ್ನು ನಿಲ್ಲಿಸಿದರೆ ಆಗ ಹೆದರಬೇಕು, ಅವರಿಗೆ ನಿಜವಾಗಿಯೂ ಸಿಟ್ಟು ಬಂದಿದೆ ಎಂದೇ ಅರ್ಥ. ಇದನ್ನು ಪೈಲವಾನ ಮರಿಯಾಗಿದ್ದಾಗಲೇ ತಿಳಿದುಕೊಂಡ.

ಹಾಗಾಗಿ ಬೈಸಿಕೊಳ್ಳುವುದೇ ಅವನ ಕಸುಬಾಯಿತು. ಅವರು ಮೊಬೈಲ್ ಕಿವಿಗಿಟ್ಟರೆ ಸಾಕು, ಬೊಗಳಾಟ. ಒಮ್ಮೆ ಅವನ ಬಲಗಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ನಾವಿಬ್ಬರೂ ಪಕ್ಕದಲ್ಲಿ ಕುಳಿತು ಅರಿಸಿನ ಹಚ್ಚಿ, ತೊಡೆಯ ಮೇಲೆ ಮಲಗಿಸಿಕೊಂಡೆವು. ಅಂದಿನಿಂದ ಯಾರೂ ತನ್ನ ಕಡೆ ನೋಡುತ್ತಿಲ್ಲ ಅನ್ನಿಸಿದಾಗಲೆಲ್ಲ ಕುಂಟತೊಡಗಿದ. ಯಾವ ಕಾಲು ಎಂಬುದು ಮಾತ್ರ ಅವನಿಗೆ ನೆನಪಿರುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾಟ ಚಪ್ಪಲಿಯದು. ಅಂಗಡಿಗೆ ಬಂದ ರೈತರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತು ಮಾತಿಗೆ ತೊಡಗಿದರೆ, ಅವರಲ್ಲಿ ಅತಿ ಹೆಚ್ಚು ಮಾತಾಡುವವನು ಯಾರೋ ಅವನ ಒಂದು ಚಪ್ಪಲಿ ಅಂಗಳದ ನಡುವೆ ಪೈಲವಾನನ ಬಾಯಲ್ಲಿರುತ್ತಿತ್ತು. ಕಚ್ಚುತ್ತಿರಲಿಲ್ಲ, ಹರಿಯುತ್ತಿರಲಿಲ್ಲ. ಬಾಯಲ್ಲಿ ಹಿಡಿದು, ಬಾಲ ಎತ್ತಿ, ಬೈಗುಳಕ್ಕೆ ಕಾಯುತ್ತ ನಿಲ್ಲುತ್ತಿದ್ದ. ಇಷ್ಟು ವರ್ಷಗಳಲ್ಲಿ ನನ್ನ ಚಪ್ಪಲಿಯನ್ನು ಮಾತ್ರ ಅವನು ಮೂಸಿ ನೋಡಿದವನಲ್ಲ. ಮಾತೇ ಆಡದವಳ ಚಪ್ಪಲಿ ಕದ್ದು ಏನು ಲಾಭ?

ಗಿರಾಕಿಗಳು ಬೇಸರಪಡತೊಡಗಿದಾಗ ಇಂಡಿ ಊರಿನ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಎಲ್ಲವನ್ನೂ ಕೇಳಿ ನಕ್ಕರು.

"ಬೈಯಬ್ಯಾಡ್ರಿ ಯಜಮಾನ್ರ. ಬೈಗಳಾದ್ರೂ ಅವಗ ಮಾತ ಆದ್ವು. ಖೋಡಿತನ ಮಾಡಿದಾಗ ನೋಡಬ್ಯಾಡ್ರಿ, ಮಾತಾಡಬ್ಯಾಡ್ರಿ, ಮಾರಿ ತಿರುವಿಬಿಡ್ರಿ. ಸುಮ್ನ ಒಂದ ಕಡೆ ಕುಂತಾಗ ಹೆಸರ ಹಿಡದು ಕರೀರಿ, ಮೈ ಸವರ್ರಿ, ರೊಟ್ಟಿ ತುಣುಕ ಕೊಡ್ರಿ. ಸುಮ್ನ ಕುಂತ್ರ ಕರೀತಾರ ಅಂತ ಅವಗ ಗೊತ್ತಾಗ್ಲಿ."

"ಬೈಲಾರದ ಹ್ಯಾಂಗಿರೂದ್ರಿ ಡಾಕ್ಟ್ರ?" ಇವರ ಮುಖ ಸಪ್ಪಗಾಗಿತ್ತು. "ನಾ ಸಿಟ್ಟಿಗೆದ್ದೇನಿ ಅಂತ ತಿಳಕೋತಾನ್ರಿ ಅಂವ!"

ಮನೆಗೆ ಬಂದು ಬಾಗಿಲ ಪಕ್ಕ ಒಂದು ಗೋಣಿಚೀಲ ಹಾಸಿದೆವು, ಅವನು ಸುಮ್ಮನೆ ಕೂರುವ ಜಾಗ ಅಂತ. ಸುಮ್ಮನಿರುವ ಕೆಲಸ ನನಗೆ ನೀರು ಕುಡಿದಷ್ಟು ಸುಲಭ. ಇವರ ಗತಿ ನೋಡಬೇಕಿತ್ತು! ಮರುದಿನವೇ ಪೈಲವಾನ ಒಬ್ಬ ರೈತನ ಚಪ್ಪಲಿ ಎತ್ತಿದ. ಇವರು ಡಾಕ್ಟರರ ಮಾತಿನಂತೆ ಮುಖ ತಿರುಗಿಸಿದರು. ಎದುರಿಗೆ ನಮಗೂ ಪಕ್ಕದ ಮನೆಯ ಗಂಗವ್ವನಿಗೂ ನಡುವಿನ ಗೋಡೆ. ಸ್ವಲ್ಪ ಹೊತ್ತು ತುಟಿ ಕಚ್ಚಿ ನಿಂತರು. ಆಮೇಲೆ ತಡೆಯಲಾಗಲಿಲ್ಲ.

"ಏ ಗ್ವಾಡಿ! ನಿನಗ ಬುದ್ಧಿ ಅನ್ನೂದು ಐತೋ ಇಲ್ಲೋ? ಮಂದಿ ಚಪ್ಪಲಿ ನಿನಗ್ಯಾಕ ಬೇಕೋ ಹುಚ್ಚಪ್ಯಾಲಿ?"

ಹಿಂದೆ ಪೈಲವಾನನ ಬಾಲ ಬೀಸಣಿಗೆ. ಗೋಡೆಯ ಆಚೆಯಿಂದ ಗಂಗವ್ವನ ದನಿ ಬಂತು:

"ಅಣ್ಣಾರ, ಯಾರಿಗಿ ಬೈಯಾಕತ್ತೀರಿ?"

"ಗ್ವಾಡಿಗವ್ವಾ!"

"ಗ್ವಾಡಿ ಏನ ಮಾಡೇತ್ರಿ?"

"ಚಪ್ಪಲಿ ಕದ್ದೈತಿ!"

ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ.

ಅದೇ ರೂಢಿಯಾಯಿತು. ಗೋಡೆಗೆ ಬೈಗುಳ, ಗೋಣಿಚೀಲಕ್ಕೆ ಹೊಗಳಿಕೆ. ಪೈಲವಾನ ಚಪ್ಪಲಿ ಬಿಟ್ಟು ಚೀಲದ ಮೇಲೆ ಕೂತ ಕೂಡಲೇ ಇವರು ತಿರುಗಿ, ತೊಡೆ ತಟ್ಟಿ, "ಭಲೇ ಪೈಲ್ವಾನ!" ಎಂದು ಕರೆಯುತ್ತಿದ್ದರು. ಅವನು ಹಾರಿ ಬಂದು ಅವರ ಎದೆಯ ಮೇಲೆ ಕಾಲಿಡುತ್ತಿದ್ದ. ನಿಧಾನವಾಗಿ ಅವನಿಗೆ ಲೆಕ್ಕ ತಿಳಿಯಿತು. ಚಪ್ಪಲಿ ಇಲ್ಲದೆಯೂ ಬಂದು ಚೀಲದ ಮೇಲೆ ನೆಟ್ಟಗೆ ಕೂತು, ಕರೆಯುವವರೆಗೆ ಕಾಯತೊಡಗಿದ. ಕಲಿಯಲು ಅವನಿಗೆ ಹಿಡಿದಷ್ಟೇ ಕಾಲ ಇವರಿಗೂ ಹಿಡಿಯಿತು ಎಂದು ನನ್ನ ಅಂದಾಜು.

ಹೋದ ಸುಗ್ಗಿಯಲ್ಲಿ, ಜೋಳದ ರಾಶಿ ನಡೆದಿದ್ದ ದಿನಗಳಲ್ಲಿ, ಇವರು ಅಂಗಡಿಯ ಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ ಹೋಗಿಬಿಟ್ಟರು. ಕೈಯಲ್ಲಿ ತಾಮ್ರದ ತಂತಿ ಹಾಗೇ ಇತ್ತು.

ಮಾತಾಡಿಸಲು ಬಂದವರ ಚಪ್ಪಲಿಗಳು ಹೊಸ್ತಿಲಲ್ಲಿ ಗುಡ್ಡೆ ಬಿದ್ದಿದ್ದವು. ಪೈಲವಾನ ಒಂದನ್ನೂ ಮುಟ್ಟಲಿಲ್ಲ. ಗೋಣಿಚೀಲದ ಮೇಲೆ ಮಿಸುಕದೆ ಕೂತಿದ್ದ. "ಎಷ್ಟ ಶಾಣ್ಯಾ ಐತಿ ನೋಡ್ರಿ ನಾಯಿ, ದುಃಖ ತಿಳೀತೈತಿ ಅದಕ್ಕ" ಎಂದರು ಬಂದವರು. ನಾನೂ ಹಾಗೇ ತಿಳಿದಿದ್ದೆ. ಮಂದಿ ಎಲ್ಲ ಹೋದ ಮೇಲೆ ಒಂದು ದಿನ ಸರಿಯಾಗಿ ನೋಡಿದೆ. ಬೆನ್ನು ನೆಟ್ಟಗೆ. ಕಿವಿ ನಿಮಿರಿದೆ. ಕಣ್ಣು ಖಾಲಿ ಕುರ್ಚಿಯ ಮೇಲೆ. ಅವನು ನಾವು ಕಲಿಸಿದ್ದನ್ನೇ ಮಾಡುತ್ತಿದ್ದ. ಸುಮ್ಮನೆ ಕೂತರೆ ಕರೆಯುತ್ತಾರೆ ಎಂದು ಕೂತಿದ್ದ. ಒಂದು ತಪ್ಪೂ ಇಲ್ಲದೆ ಕೂತಿದ್ದ, ಕರೆ ಬರುತ್ತಿರಲಿಲ್ಲ.

ರೊಟ್ಟಿ ಹಾಕಿದರೆ ಮೂಸಿ, ಒಂದು ತುಣುಕು ತಿಂದು ಬಿಡುತ್ತಿದ್ದ. ಪಕ್ಕೆಲುಬು ಎದ್ದು ಕಾಣತೊಡಗಿದವು. ತಿಂಗಳುಗಳು ಕಳೆದಂತೆ ಮೊದಲ ದಿನದ ಆ ಮರಿಯಷ್ಟೇ ತೆಳ್ಳಗಾದ. ಇಂಡಿಯ ಡಾಕ್ಟರರು ತಾವೇ ಬಂದು ನೋಡಿದರು.

"ರೋಗ ಏನೂ ಇಲ್ರಿ ಅವ್ವಾರ. ಆದ್ರ ಹಿಂಗ ಉಣ್ಣಲಾರದ ಕುಂತ್ರ ಭಾಳ ದಿನ ಉಳಿಯೂದಿಲ್ಲ. ನೀವರ ಕರೀರಿ ಅವನ್ನ."

ಕರೆಯಲು ನೋಡಿದೆ. ಬಾಯಿ ತೆರೆದೆ. "ಭಲೇ" ಎಂಬುದು ಉಸಿರಿನ ಹಾಗೆ ಹೊರಗೆ ಬಂತು, ಮುಂದಿನದು ಬರಲಿಲ್ಲ. ಅದು ಅವರ ಮಾತು. ಅವರ ಅಂಗಿಯನ್ನು ನಾನು ತೊಟ್ಟುಕೊಂಡ ಹಾಗೆ ಅನ್ನಿಸಿತು. ಪೈಲವಾನ ಒಮ್ಮೆ ನನ್ನ ಕಡೆ ನೋಡಿ ಮತ್ತೆ ಕುರ್ಚಿಯ ಕಡೆ ತಿರುಗಿದ. ಅವರ ಜೊತೆ ಇವನನ್ನೂ ಕಳೆದುಕೊಳ್ಳುತ್ತೇನೆ ಎಂದುಕೊಂಡೆ.

ನಿನ್ನೆ ಮಧ್ಯಾಹ್ನ ಗಂಗವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತಂದುಕೊಟ್ಟು ಬಾಗಿಲಲ್ಲೇ ಕೂತಳು. ಗೋಡೆಯ ಕಡೆ ನೋಡಿ, "ಯಕ್ಕಾ, ಅಣ್ಣಾರು ಗ್ವಾಡಿಗಿ ಬೈಯೂದು ಕೇಳಲಾರದ ನನಗ ಹೊತ್ತ ಹೋಗವಲ್ದು ನೋಡು" ಎಂದಳು.

ಏನಾಯಿತೋ ಗೊತ್ತಿಲ್ಲ, ನನಗೆ ನಗು ಬಂತು. ಅವಳು ಅದನ್ನೆಲ್ಲ ಗೋಡೆಯ ಆ ಕಡೆಯಿಂದ ಕೇಳಿದವಳು, ಈ ಕಡೆಯಿಂದ ಕಂಡವಳಲ್ಲ. ಹೇಳತೊಡಗಿದೆ. ಇವರು ತುಟಿ ಕಚ್ಚಿದ್ದು, ಬಾಲ ಬೀಸಿದ್ದು, ನಾನು ಸೆರಗು ಬಾಯಿಗೆ ತುರುಕಿಕೊಂಡದ್ದು. ಎದ್ದು ನಿಂತು ಇವರ ಹಾಗೆ ಸೊಂಟಕ್ಕೆ ಕೈಯಿಟ್ಟು ತೋರಿಸಿದೆ. ಗಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು.

"ಇಷ್ಟ ಮಾತ ನಿನ್ನ ಹೊಟ್ಟ್ಯಾಗ ಇದ್ದುವೇನ ಯಕ್ಕಾ? ಎಲ್ಲಿ ಮುಚ್ಚಿಟ್ಟಿದ್ದಿ?"

ಸಂಜೆಯವರೆಗೆ ಮಾತಾಡಿದೆ. ಗೋಣಿಚೀಲದ ಮೇಲೆ ಎರಡು ಕಿವಿ ನನ್ನ ಕಡೆ ತಿರುಗಿದ್ದನ್ನು ಆಗ ನಾನು ಗಮನಿಸಲಿಲ್ಲ.

ಈಗ ತಿಳಿಯಿತಲ್ಲ, ಬೆಳಿಗ್ಗೆ ನನ್ನ ಎದೆ ಯಾಕೆ ಹಾಗೆ ಹೊಡೆದುಕೊಂಡಿತು ಎಂದು? ತಲೆಯೆತ್ತಿ ನೋಡಿದರೆ ಅಂಗಳದ ನಡುವೆ ಪೈಲವಾನ ನಿಂತಿದ್ದ. ಸೊರಗಿದ ಮೈ, ಎತ್ತಿದ ಬಾಲ, ಬಾಯಲ್ಲಿ ನನ್ನ ಚಪ್ಪಲಿ. ನನ್ನದು! ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಡಾಕ್ಟರರ ಮಾತು ನೆನಪಾಯಿತು. ನೋಡಬಾರದು. ಮುಖ ತಿರುಗಿಸಿದೆ. ಎದುರಿಗೆ ಗೋಡೆ.

"ಏ ಗ್ವಾಡಿ!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಬುದ್ಧಿ ಐತೇನೋ ನಿನಗ? ಬಸ್ ತಪ್ಪಿಸಿದೆಲ್ಲೋ ಖೋಡಿ! ಉಪವಾಸ ಬಿದ್ದು ನನ್ನ ಜೀವಾ ತಿಂದಿ, ಈಗ ಚಪ್ಪಲಿ ಬೇಕೇನೋ ಹುಚ್ಚಪ್ಯಾಲಿ?"

ಆಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

"ಯಾರಿಗಿ ಬೈಯಾಕತ್ತೀ ಯಕ್ಕಾ?"

"ಗ್ವಾಡಿಗವ್ವಾ!"

ಗಂಗವ್ವ ಮೆಲ್ಲಗೆ, "ಬೈ ಯಕ್ಕಾ, ಬೈ. ಗ್ವಾಡಿ ಭಾಳ ದಿನದಿಂದ ಕಾಯಾಕತ್ತಿತ್ತು" ಎಂದಳು.

ಬೆನ್ನ ಹಿಂದೆ ಹಾಸುಗಲ್ಲಿನ ಮೇಲೆ ಚಪ್ಪಲಿ ಬಿದ್ದ ಸದ್ದಾಯಿತು. ತಿರುಗಿ ನೋಡಿದೆ. ಚೀಲದ ಮೇಲೆ ಕೂತಿದ್ದ, ಬೆನ್ನು ನೆಟ್ಟಗೆ. ಕಣ್ಣು ಕುರ್ಚಿಯ ಕಡೆ ಇರಲಿಲ್ಲ.

"ಭಲೇ ಪೈಲ್ವಾನ!" ಎಂದೆ. ಪೂರ್ತಿ ಬಂತು.

ಒಂದು ರೊಟ್ಟಿ ತಿಂದ. ಇನ್ನೊಂದಕ್ಕೆ ನನ್ನ ಕೈ ನೆಕ್ಕಿದ. ನಾನು ಇದನ್ನು ಬರೆಯಲು ಕೂತು ಬಹಳ ಹೊತ್ತಾಯಿತು, ಅವನ ಕಡೆ ನೋಡಿಲ್ಲ. ಇದೋ, ಚೀಲದಿಂದ ಎದ್ದು ಬರುತ್ತಿದ್ದಾನೆ, ಪಾಪ, ಎಡಗಾಲು ಕುಂಟುತ್ತ. ಮುಳ್ಳು ಚುಚ್ಚಿದ್ದು ಬಲಗಾಲಿಗೆ. ಸ್ವಲ್ಪ ತಡೆಯಿರಿ, ನಾನು ಗೋಡೆಯ ಕಡೆ ತಿರುಗಬೇಕು.