ಕನ್ನೇರು ಕೊಟ್ಟ ಕುಂಕುಮದ ಡಬ್ಬಿ

ಮೊಮ್ಮಗ್ಳು ಗೊಂಬೆನ ಕಿಟಕಿ ಮ್ಯಾಲೆ ಬಿಸ್ಲಲ್ಲಿ ಮರ್ತು ಬುಟ್ಟಿದ್ಲು. ಚನ್ನಪಟ್ಟಣದ ರೋಡ್ ಬದಿ ಅಂಗಡೀಲಿ ಅವರಮ್ಮ ಕೊಡ್ಸಿದ್ದು. ಮರದ್ದು, ಬೆನ್ನಿಗೆ ಎರಡು ರೆಕ್ಕೆ. ಫೇರಿ ಅಂತೆ. ಎತ್ತಿಡಾನ ಅಂತ ಕೈಗೆ ತಕ್ಕಂಡ್ರೆ ಬಣ್ಣದ ಅರಗು ಬಿಸಿಯಾಗಿ ಬೆರಳಿಗೆ ಒಸಿ ಅಂಟ್ತು. ಮೂಗಿನತ್ರ ಹಿಡ್ದೆ. ಅಷ್ಟೇಯ... ಎದುರ್ಮನೆ ಅಕ್ಕ ಬಂದು ಪಕ್ಕದಲ್ಲಿ ಕುಂತಂಗಾಯ್ತು.

ಅದೇ ಹೊತ್ಗೆ ಮೊಮ್ಮಗ್ಳು ಫೋನಲ್ಲಿ ಫೇರಿ ಸಿನಿಮಾ ಹಾಕಿದ್ಲು. ಚಿತ್ರ ಬರ್ದು ಕುಣಿಸ್ತಾರಲ್ಲ, ಆ ತರದ್ದು. ಚಿಟ್ಟೆ ರೆಕ್ಕೆ ಹುಡ್ಗೀರು, ಸೊಂಟ ನನ್ನ ಹೆಬ್ಬೆಟ್ಟಿನಷ್ಟು ದಪ್ಪ. ಮುದ್ದೆ ಮುಖ ನೋಡಿ ಎಷ್ಟು ವರ್ಷ ಆಯ್ತೋ ಪಾಪ. ಒಬ್ರಿಗೂ ಮಾತಾಡಕ್ಕೆ ಬರಾಕಿಲ್ಲ, ಬರೀ ಹಾಡು. ಅತ್ರೂ ಹಾಡು, ನಕ್ರೂ ಹಾಡು. ಒಬ್ಳು ಫೇರಿಗೆ ಮನುಷ್ಯರ ಹುಡ್ಗನ ಮ್ಯಾಲೆ ಮನಸ್ಸು. ಅವರಪ್ಪ ಬ್ಯಾಡ ಅಂತಾನೆ. ಮಿಕ್ಕ ಫೇರಿಗಳೆಲ್ಲ ಸೇರ್ಕಂಡು ಹಾಡಿ ಹಾಡಿ ಅಪ್ಪನ್ನ ಒಪ್ಪಿಸ್ತಾವೆ. ಕಪ್ಪೆಗಳೂ ಸಂಗಡ ಹಾಡ್ತಾವೆ.

"ಇದು ಲವ್ ಅಜ್ಜಿ, ನಿಂಗೊತ್ತಾಗಲ್ಲ" ಅಂದ್ಲು. ಎಂಟು ವರ್ಷದ್ದು, ಇನ್ನೂ ಮುಂದಿನ ಹಲ್ಲು ಬಂದಿಲ್ಲ.

ಇವ್ಳೇ ನಂಗೆ ಫೋನಲ್ಲಿ ಬರೆಯದು ಕಲಿಸಿದ್ದು. ಒಂದೇ ಬೆರಳಲ್ಲಿ ಕುಟ್ತೀನಿ. ಬಾಯಲ್ಲಿ ಯಾವತ್ತೂ ಹೇಳಕ್ಕಾಗದ್ದು ಬೆರಳಲ್ಲಿ ಬತ್ತದೇನೋ ನೋಡಾನ.

ನನ್ನ ತೌರು ದೊಡ್ಡಮಳೂರಿಂದ ಒಳಗೆ ಮೂರು ಮೈಲಿ. ನಂಗಾಗ ಹನ್ನೆರಡು ವರ್ಷ. ಎದುರ್ಮನೆ ಅಕ್ಕಂಗೆ ಹತ್ತೊಂಬತ್ತಿರಬೇಕು. ರಕ್ತಸಂಬಂಧ ಏನಿಲ್ಲ, ಎದುರು ಬಾಗ್ಲು ಅಷ್ಟೇ. ಆದ್ರೆ ನಾನು ಉಣ್ತಿದ್ದಿದ್ದೂ ಅಲ್ಲೇ, ತಲೆ ಬಾಚಿಸ್ಕಳ್ತಿದ್ದಿದ್ದೂ ಅಲ್ಲೇ. ನಮ್ಮವ್ವ ಬಡಿಯಕ್ಕೆ ಬಂದ್ರೆ ಅಕ್ಕನ ಸೆರಗು ಹಿಂದೆ ನುಗ್ತಿದ್ದೆ. ನಾನು ತರ್ಲೆ, ಅವ್ಳು ಸಾಧು. ನಾನು ಸುಳ್ಳು ಹೇಳಿ ಸಿಕ್ಕಾಕಂಡಾಗೆಲ್ಲ "ಇಲ್ಲ ಚಿಕ್ಕವ್ವ, ಅದು ನಾನೇ ಮಾಡಿದ್ದು" ಅಂತ ಏಟು ಬೀಳ್ದಂಗೆ ಕಾಪಾಡ್ತಿದ್ಲು. ಹಾಡು ಅಂದ್ರೆ ಪ್ರಾಣ. ರಾಗಿ ಬೀಸ್ತಾ ಅವ್ಳು ಸಣ್ಣ ದನೀಲಿ ಹಾಡ್ತಿದ್ರೆ ಬೀದೀಲಿ ಹೋಗೋರು ನಿಂತ್ಕಂಡು ಕೇಳೋರು.

ಅವರ ಹೊಲದ ಬದಿನಲ್ಲಿ ಹಾಲೆ ಮರ ಇದ್ವು. ಗೊಂಬೆ ಮಾಡಕ್ಕೆ ಅದೇ ಮರ ಆಗ್ಬೇಕು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯೋ ಲೇತಲ್ಲಿ ಕೆಲ್ಸಕ್ಕಿದ್ದ ಹುಡ್ಗ ಒಬ್ಬ ಗಾಡಿ ಹೊಡ್ಕಂಡು ಮರ ಕೊಳ್ಳಕ್ಕೆ ಬಂದ. ಮಾಗಡಿ ಕಡೆಯವ್ನು, ನಮ್ಮಂಗೇ ಒಕ್ಕಲು ಮನೆಯವ್ನು, ಇರೋ ಜಮೀನು ಅಣ್ತಮ್ಮಂದ್ರಿಗೆ ಸಾಲ್ದೆ ಲೇತು ಹಿಡ್ದಿದ್ದ. ಮರ ಕೊಯ್ಯೋರಿಗೆ ಬುತ್ತಿ ತಕ್ಕಂಡು ಅಕ್ಕ ಹೋದ್ಲು. ಅವಳ ಹಿಂದೆ ನಾನು. ಒಂದು ಮರ ಕೊಯ್ಯಕ್ಕೆ ಒಂದು ದಿನ ಸಾಕು. ಆ ಮಾರಾಯ ನಾಲ್ಕು ದಿನ ತಕ್ಕಂಡ.

"ಏನಣ್ಣ, ಗರಗಸದ ಹಲ್ಲು ಉದುರೋಗವೇನು?" ಅಂದೆ ನಾನು.

"ನಿನ್ ಬಾಯಿನ ಲೇತಿಗೆ ಕೊಟ್ಟು ಉಜ್ಜಿಸ್ಬೇಕು ಕಣಮ್ಮಣ್ಣಿ" ಅಂದ. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡ್ಕಂಡು ನಕ್ಲು. ಅವ್ಳು ಅಂಗೆ ನಕ್ಕಿದ್ದು ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ... ಆಮ್ಯಾಲೂ ನೋಡ್ಲಿಲ್ಲ.

ಇನ್ನೊಂದ್ಸಲ ಗಾಡಿ ತಂದಾಗ ಒಂದು ಕುಂಕುಮದ ಡಬ್ಬಿ ಕೊಟ್ಟೋದ. ಆ ಮರದಲ್ಲೇ ಮಾಡಿದ್ದು. ಕೆಂಪು ಅರಗು, ನಡುವೆ ಎರಡು ಹಳದಿ ಪಟ್ಟಿ. ಕ್ಯಾದಗೆ ಗರೀಲಿ ಉಜ್ಜಿ ಉಜ್ಜಿ ಎಂಥ ಹೊಳಪು ತಂದಿದ್ದ ಅಂದ್ರೆ ನನ್ನ ಮೊಂಡು ಮೂಗು ಅದ್ರಲ್ಲಿ ಕಾಣ್ತಿತ್ತು. ಅಕ್ಕ ಅದನ್ನ ಹಾಸಿಗೆ ಸುರುಳೀಲಿ ಬಚ್ಚಿಟ್ಲು. ಯಾರಿಗೂ ಹೇಳ್ಬ್ಯಾಡ ಅಂದ್ಲು. ಇಷ್ಟೇ ನಂಗೆ ಗೊತ್ತಿದ್ದಿದ್ದು. ಬರೋ ಸೋಮವಾರ ಆ ಹುಡ್ಗನ ಅವ್ವ ಹೆಣ್ಣು ಕೇಳಕ್ಕೆ ಬತ್ತಾಳೆ ಅನ್ನೋದನ್ನ ಅಕ್ಕ ನಂಗೂ ಹೇಳಿರ್ಲಿಲ್ಲ. ನನ್ ಬಾಯಿ ಮ್ಯಾಲೆ ಅವ್ಳಿಗೆ ಅಷ್ಟು ನಂಬ್ಕೆ!

ಈಗ ನಮ್ಮೂರ ಫೇರಿಗಳ ವಿಷ್ಯ ಹೇಳ್ಬೇಕು. ನಮ್ಮ ಕೆರೆ ಏರಿ ಮ್ಯಾಲೆ ಏಳು ಕಲ್ಲು ಐತೆ. ಏಳು ಜನ ಕನ್ನೇರು ಅಂತೀವಿ, ಮದ್ವೆ ಆಗ್ದೇ ಇರೋ ಅಕ್ಕತಂಗೀರು. ಹೆಂಗಸ್ರು ಅರಿಶಿನ, ಬಳೆ, ಕುಂಕುಮದ ಡಬ್ಬಿ ಎಲ್ಲ ಅಲ್ಲಿಟ್ಟು ಕೈ ಮುಗೀತಾರೆ. ಇಟ್ಟಿದ್ದನ್ನ ಮಾತ್ರ ಯಾರೂ ಮುಟ್ಟಂಗಿಲ್ಲ. ಯಾವ ಹುಡ್ಗಿ ಅಲ್ಲಿಂದ ಒಂದು ಬಳೆಚೂರು ಮನೆಗೆ ತಂದ್ಲೋ, ಅವ್ಳು ಕನ್ನೇರ ಪಾಲು. ಅವಳನ್ನ ಯಾರೂ ಮದ್ವೆ ಮಾಡ್ಕಳಂಗಿಲ್ಲ. ಇದು ನಂಗೂ ಗೊತ್ತಿತ್ತು. ಗೊತ್ತಿದ್ದೂ... ಹನ್ನೆರಡು ವರ್ಷದ ತಲೆಗೆ ಅದು ಬರೀ ಕತೆ.

ಶುಕ್ರವಾರ ಮನೆ ಸಾರಿಸಕ್ಕೆ ಅಂತ ಅಕ್ಕನ ಅಜ್ಜಿ ಹಾಸಿಗೆ ಕೊಡವಿದ್ಲು. ಡಬ್ಬಿ ಉಳ್ಳಾಡ್ಕಂಡು ನಡುಮನೆಗೆ ಬಂತು.

"ಇದ್ಯಾವ ಮನೆಹಾಳ ಕೊಟ್ಟಿದ್ದೇ?" ಅಂತ ಮುದುಕಿ ಕಿರುಚ್ಕಂಡ್ಲು. ಅವರಪ್ಪ ಹೊಲದಿಂದ ಬಂದು ಬಾಗ್ಲಲ್ಲಿ ನಿಂತಿದ್ದ, ಕೈಯಲ್ಲಿ ಕುಡ್ಲು. ಅಕ್ಕ ಬಗ್ಗಿ ಹಾಸಿಗೇನ ಮತ್ತೆ ಸುತ್ತಕ್ಕೆ ಶುರು ಮಾಡಿದ್ಲು. ನನಗೋಸ್ಕರ ಅವ್ಳು ಎಷ್ಟು ಸಲ ಸುಳ್ಳು ಹೇಳವ್ಳೆ, ಒಂದ್ಸಲ ನಾನು ಹೇಳಾನ ಅನ್ನುಸ್ತು.

"ಕನ್ನೇರ ಕಲ್ಲತ್ರ ಸಿಕ್ತು ಕಣಜ್ಜಿ" ಅಂದ್ಬುಟ್ಟೆ.

ಮುದುಕಿ ಡಬ್ಬಿ ಕೆಳಗೆ ಹಾಕಿ ಕೈ ಒರೆಸ್ಕಂಡ್ಲು. ಎಲ್ಲಾರೂ ನನ್ನೇ ನೋಡ್ತಾವ್ರೆ. ಅಲ್ಲಿವರ್ಗೂ ನಾನು ಬಾಯಿ ಬುಟ್ರೆ "ಮುಚ್ಚೇ" ಅಂತಿದ್ದೋರು, ಈಗ ಮುಂದೇನಾಯ್ತು ಅಂತ ಬಾಯಿ ತೆರ್ಕಂಡು ನಿಂತವ್ರೆ. ಆ ರುಚಿ ಐತಲ್ಲ... ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಏಳು ಜನ ಬಂದ್ರು ಅಂದೆ. ಬಿಳೀ ಸೀರೆ, ಕಾಲು ನೆಲಕ್ಕೆ ತಾಗ್ತಿರ್ಲಿಲ್ಲ ಅಂದೆ. ಬೆನ್ನಲ್ಲಿ ಏರೋಪ್ಲೇನ್ ಹುಳದಂಗೆ ರೆಕ್ಕೆ ಇತ್ತು ಅಂದೆ. ಹಾಡ್ತಿದ್ರು, ಅಕ್ಕನೂ ಸಂಗಡ ಹಾಡಿದ್ಲು, ದೊಡ್ಡೋಳು ಅಕ್ಕನ ಹಣೆಗೆ ಕುಂಕುಮ ಇಟ್ಲು ಅಂದೆ. ಯಾವ ಸಿನಿಮಾದೋನೂ ನನ್ನ ಮುಂದೆ ನಿಲ್ಲಂಗಿರ್ಲಿಲ್ಲ.

"ಹೌದೇನೇ?" ಅಂತ ಅವರಪ್ಪ ಕೇಳ್ದ. ಅಕ್ಕ ನನ್ನ ನೋಡಿದ್ಲು, ಕುಡ್ಲು ನೋಡಿದ್ಲು. ಹೂಂ ಅಂತ ತಲೆ ಅಳ್ಳಾಡಿಸಿದ್ಲು. ಸೋಮವಾರ ಹುಡ್ಗನ ಅವ್ವ ಬಂದ್ರೆ ಎಲ್ಲಾ ಸರಿ ಹೋಯ್ತದೆ, ಮೂರು ದಿನ ತಾನೇ ಅಂತ ತಲೆ ಅಳ್ಳಾಡಿಸಿದ್ದಂತೆ. ಇದು ನಂಗೆ ಗೊತ್ತಾಗಿದ್ದು ಐದು ವರ್ಷ ಆದ್ಮ್ಯಾಲೆ.

ಪೂಜಾರಿ ಬಂದ. ಬೇವಿನ ಸೊಪ್ಪು, ಅರಿಶಿನದ ನೀರು ಎಲ್ಲಾ ಆಯ್ತು. ಡಬ್ಬೀನ ಮೊರದಲ್ಲಿಟ್ಟು ವಾಪಸ್ ಕಲ್ಲಿನ ಮುಂದೆ ಇಟ್ರು. ಈ ಹೆಣ್ಣನ್ನ ಕನ್ನೇರಿಗೆ ಬುಟ್ಬುಡಿ, ಕಲ್ಲಿಗೆ ದೀಪ ಹಚ್ಕಂಡಿರ್ಲಿ, ಮದ್ವೆ ಮಾತು ಎತ್ಬ್ಯಾಡಿ ಅಂದ. ಅವತ್ತು ಸಂಜೆ ಅವರಪ್ಪ ಜಗಲಿ ಮ್ಯಾಲೆ ಕುಂತು ನಮ್ಮಪ್ಪನ ಜೊತೆ ಅಂದಿದ್ದು ಈಗ್ಲೂ ಕಿವೀಲೈತೆ. "ಯಾವನೋ ಹುಡ್ಗ ಕೊಟ್ಟಿದ್ದು ಅಂದಿದ್ರೆ ಎರಡೇಟು ಹಾಕಿ ಅವನಿಗೇ ಕಟ್ಬುಡ್ತಿದ್ನಲ್ಲ ಕಣ್ಲಾ. ದೇವ್ರ ಮ್ಯಾಲೆ ಎಂಗೆ ಕೈ ಎತ್ತನ?"

ಆಗ್ಲಾದ್ರೂ ಎದ್ದೋಗಿ ಹೇಳ್ಬೋದಿತ್ತು. ಬಾಸುಂಡೆ ಬರಂಗೆ ಹೊಡೀತಿದ್ರು, ಅಷ್ಟೇಯ. ಹೋಗ್ಲಿಲ್ಲ.

ಇಷ್ಟಕ್ಕೇ ನಿಂತಿದ್ರೆ ಊರೋರ ಮ್ಯಾಲೆ, ಪೂಜಾರಿ ಮ್ಯಾಲೆ ತಪ್ಪು ಹಾಕಿ ನಾನು ನೆಮ್ಮದಿಯಾಗಿರ್ತಿದ್ದೆ. ಇನ್ನೊಂದೈತೆ.

ಸೋಮವಾರ ನಾನು ಕೆರೇಲಿ ಬಟ್ಟೆ ಒಗೀತಿದ್ದೆ. ಬಸ್ಸಿಳ್ದು ಒಬ್ಳು ಹೆಂಗಸು ಏರಿ ಮ್ಯಾಲೆ ನಡ್ಕಂಡು ಬಂದ್ಲು. ಹೊಸ ಸೀರೆ, ಕಂಕುಳಲ್ಲಿ ಒಂದು ಗಂಟು, ಗಂಟಿಂದ ಮಲ್ಲಿಗೆ ದಂಡೆ ಇಣುಕ್ತಿತ್ತು. ಕಲ್ಲಿಗೆ ಕೈ ಮುಗಿಯಕ್ಕೆ ನಿಂತೋಳು ಅಂಗೇ ಬಗ್ಗಿ ನೋಡಿದ್ಲು.

"ಈ ಡಬ್ಬಿ ಯಾರಿಟ್ಟಿದ್ದು ಮಗಾ?"

ಯಾರೋ ಏನೋ ಗೊತ್ತಿಲ್ಲ. ಕೇಳೋರು ಸಿಕ್ರಲ್ಲ ಅನ್ನೋ ಹಿಗ್ಗು. ಒದ್ದೆ ಕೈ ಲಂಗಕ್ಕೆ ಒರೆಸ್ಕಂಡು ಮೇಲಕ್ಕೆ ಹತ್ತಿ ಬಂದೆ. ಮೂರು ದಿನದಿಂದ ಊರೋರಿಗೆಲ್ಲ ಹೇಳಿ ಹೇಳಿ ಕತೆ ನುಣ್ಣಗಾಗಿತ್ತು, ಅದೇ ಕ್ಯಾದಗೆ ಗರೀಲಿ ಉಜ್ಜಿದಂಗೆ. ರೆಕ್ಕೆ, ಹಾಡು, ಹಣೆಗಿಟ್ಟ ಕುಂಕುಮ, ಒಂದೂ ಬಿಡ್ಲಿಲ್ಲ. ಎದುರ್ಮನೆ ಅಕ್ಕ ಅಂತ ಗುರ್ತು ಹೇಳ್ದೆ, ಮನೆ ಸೈತ ಬೆರಳು ಮಾಡಿ ತೋರಿಸ್ದೆ.

ಅವ್ಳು ತಾಳಿ ಹಿಡ್ಕಂಡು ನಿಂತಿದ್ಲು. "ಇದು ನನ್ ಮಗನ ಕೈಕೆಲ್ಸ ಕಣ್ರವ್ವ" ಅಂದ್ಲು, ನಂಗಲ್ಲ, ಕಲ್ಲಿಗೆ. "ನಿಮ್ಮ ಮಡ್ಲಿಗೆ ಬಿದ್ದದ್ದ ನಾನೆಂಗೆ ತಕ್ಕಳ್ಳಿ..." ಗಂಟು ಬಿಚ್ಚಿ ಹೂವು, ಕಾಯಿ, ಬಾಳೆಹಣ್ಣು ಎಲ್ಲಾ ಕಲ್ಲಿನ ಮುಂದೆ ಇಟ್ಟು ಅಡ್ಡ ಬಿದ್ಲು. ಎದ್ದು ಸೆರಗು ಕೊಡವಿ ಬಂದ ದಾರೀಲೇ ಹೋಗ್ಬುಟ್ಲು. ಊರೊಳಕ್ಕೆ ಕಾಲೇ ಇಡ್ಲಿಲ್ಲ.

ಅವ್ಳು ಬಂದಿದ್ದು ನಮ್ಮೂರಲ್ಲಿ ನಂಗೊಬ್ಳಿಗೇ ಗೊತ್ತು. ಮನೆ ಕಡೆ ಬಂದು ನೋಡಿದ್ರೆ ಅಕ್ಕ ಬಾಗ್ಲಲ್ಲಿ ನಿಂತಿದ್ಲು. ತಲೆ ಬಾಚಿ, ಹೂವು ಮುಡ್ಕಂಡು, ಬಸ್ಸಿನ ದಾರೀನೇ ನೋಡ್ತಿದ್ಲು. ಆಗ ನನ್ನ ತಲೆಗೆ ಹೋಯ್ತು. ಯಾಕಕ್ಕ ನಿಂತಿದ್ದೀಯ ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬೇಕಾಯ್ತದಲ್ಲ. ಸಂಜೆ ದೀಪ ಹಚ್ಚಕ್ಕೆ ಹೋದೋಳು ಕಲ್ಲಿನ ಮುಂದಿನ ಹೂವು ನೋಡಿ "ಯಾರೋ ಮಾರಾಯ್ತಿ ಎಷ್ಟು ಚೆಂದದ ದಂಡೆ ಇಟ್ಟೋಗವ್ಳೆ ನೋಡೇ" ಅಂದ್ಲು. ನಾನು ಹೂಂ ಅಂದೆ.

ಆ ಹುಡ್ಗ ಮತ್ತೆ ನಮ್ಮೂರ ಕಡೆ ಗಾಡಿ ಹೊಡೀಲಿಲ್ಲ. ಮಾಗಡಿ ಕಡೇಲೇ ಮದ್ವೆ ಆದ ಅಂತ ಸುದ್ದಿ ಬಂತು. ಅಕ್ಕ ಕಲ್ಲಿಗೆ ದೀಪ ಹಚ್ಕಂಡು ಉಳ್ಕಂಡ್ಲು. ಕಲ್ಲಿನ ವಸ್ತು ಮುಟ್ಟಕ್ಕೆ ಅವ್ಳೊಬ್ಳಿಗೆ ಹಕ್ಕಿತ್ತು. ಆ ಡಬ್ಬಿಗೇ ಕುಂಕುಮ ತುಂಬ್ಕಂಡು ಇಟ್ಕಂಡ್ಲು. ಊರ ಹೆಣ್ಮಕ್ಳು ಮದ್ವೆಗೆ ಮುಂಚೆ ಅವಳತ್ರ ಹೋಗಿ ಕುಂಕುಮ ಇಡಿಸ್ಕಂಡು ಬರೋದು ಪದ್ಧತಿಯಾಯ್ತು. ಹಾಡೋದು ನಿಲ್ಲಿಸ್ಬುಟ್ಲು. ಹಾಡಿದ್ರೆ ಕನ್ನೇರು ಮೈಮ್ಯಾಲೆ ಬಂದ್ರು ಅಂತ ಜನ ಸೇರ್ಕಳರು, ಅದಕ್ಕೆ.

ನಂಗೆ ಹದಿನೇಳಕ್ಕೆ ಉಯ್ಯಂಬಳ್ಳಿಗೆ ಮದ್ವೆ ಗೊತ್ತಾಯ್ತು. ನಾನೂ ಹೋದೆ ಅವಳ ಮುಂದೆ ಹಣೆ ಒಡ್ಡಕ್ಕೆ. ಡಬ್ಬಿ ಮುಚ್ಚಳ ತೆಗೆದ್ಲು, ಅರಗಿನ ವಾಸನೆ ಬಂತು. ಇಟ್ಲು. ಅವತ್ತು, ಐದು ವರ್ಷಕ್ಕೆ, ಮೊದಲ್ನೇ ಸಲ ಆ ಮಾತು ತೆಗೆದ್ಲು. ಆ ಹುಡ್ಗನ ಅವ್ವ ಬರ್ಬೇಕಾಗಿದ್ದು, ತಾನು ಕಾದಿದ್ದು, ಎಲ್ಲಾ.

"ನೀನು ಸುಳ್ಳಾದ್ರೂ ನನಗೋಸ್ಕರ ಹೇಳ್ದೆ. ಅವ್ನು ನಿಜವಾಗ್ಲೂ ಬತ್ತೀನಿ ಅಂದು ಬರ್ಲಿಲ್ಲ. ಅವನಿಗಿಂತ ನೀನೇ ವಾಸಿ ಕಣೇ" ಅಂದ್ಲು. ಗಲ್ಲ ಹಿಂಡಿದ್ಲು.

ಅವಳ ಕಾಲಿಗೆ ಬಿದ್ದು ಎದ್ದೆ.

ಆಮ್ಯಾಲೆ ತೌರಿಗೆ ಹೋದಾಗೆಲ್ಲ ಈ ಸಲ ಹೇಳಾನ ಅಂತ್ಲೇ ಬಸ್ ಹತ್ತುತಿದ್ದೆ. ಹೋದ ತಕ್ಷಣ ಕಡ್ಲೆಪುರಿ ಕಲಸ್ಕೊಟ್ಟು "ನಿನ್ ಅತ್ತೆ ಇನ್ನೂ ಬದುಕವ್ಳೇನೇ?" ಅನ್ನೋಳು. ನಗಾಡ್ಕಂಡು ವಾಪಸ್ ಬರ್ತಿದ್ದೆ. ಅತ್ತೇನೂ ಹೋದ್ಲು, ಗಂಡನೂ ಹೋದ. ನಾನು ಮಗನ ಜೊತೆ ರಾಮನಗರಕ್ಕೆ ಬಂದೆ. ಕೊನೇ ಸಲ ನೋಡಿದಾಗ ಅಕ್ಕಂಗೆ ಕಿವಿ ಪೂರ್ತಾ ಹೋಗಿತ್ತು. ಪಕ್ಕದಲ್ಲಿ ಕುಂತು ಎಲ್ಲಾ ಹೇಳ್ದೆ. ಅವರವ್ವ ಬಂದಿದ್ಲು ಕಣಕ್ಕ, ಅವ್ನು ಮೋಸ ಮಾಡ್ಲಿಲ್ಲ, ವಾಪಸ್ ಕಳ್ಸಿದ್ದು ನಾನು ಅಂತ. ಕೇಳ್ಸಲ್ಲ ಅಂತ ಗೊತ್ತಿತ್ತು. ಕೇಳ್ಸಲ್ಲ ಅಂತ ಗೊತ್ತಿದ್ದಕ್ಕೇ ಹೇಳ್ದೆ. ಅವ್ಳು ನನ್ ಬಾಯನ್ನೇ ನೋಡ್ತಿದ್ದು, ಮುಗಿದ್ಮ್ಯಾಲೆ ಕೈ ತಟ್ಟಿ "ಹೂಂ ಕಣೇ, ಮಳೆ ಬರಂಗೈತೆ" ಅಂದ್ಲು.

ಹೋದ ವರ್ಷ ತೀರ್ಕಂಡ್ಲು. ತಿಥಿಗೆ ಹೋಗಿದ್ದೆ. ಡಬ್ಬೀನ ಕಲ್ಲಿನ ಮುಂದೆ ಇಟ್ಟಿದ್ರು. ಮುಟ್ಟಿ ಮುಟ್ಟಿ ಅರಗೆಲ್ಲ ಸವೆದು ಒಳಗಿನ ಬಿಳೀ ಮರ ಕಾಣ್ತಿತ್ತು. ಹಳದಿ ಪಟ್ಟಿ ಒಂದು ಉಳ್ದಿತ್ತು. ತರಾನ ಅನ್ನುಸ್ತು. ಅಲ್ಲಿಟ್ಟದ್ದನ್ನ ತರಂಗಿಲ್ಲ.

ಸಿನಿಮಾ ಮುಗೀತು. ಫೇರಿಗೂ ಹುಡ್ಗನಿಗೂ ಮದ್ವೆ ಆಯ್ತು, ಕಪ್ಪೆಗಳು ಕುಣಿದ್ವು. ಮೊಮ್ಮಗ್ಳು ನನ್ ಕೈಲಿದ್ದ ಗೊಂಬೆ ಕಿತ್ಕಂಡು, "ಅಜ್ಜಿ, ನಿಮ್ಮೂರಲ್ಲಿ ಫೇರಿ ಇದ್ರಾ? ನೀನು ನೋಡಿದೀಯಾ?" ಅಂದ್ಲು.

"ಇಲ್ಲ ಕಣವ್ವ. ನಾನು ನೋಡಿಲ್ಲ. ಯಾರೂ ಬಂದಿರ್ಲಿಲ್ಲ."

ಅರವತ್ತು ವರ್ಷ ಲೇಟು. ಅದೂ ಬೇರೆ ಯಾರಿಗೋ ಹೇಳ್ಬೇಕಾಗಿದ್ದ ಮಾತು.

ಅವಳ ಮುಖ ಸಪ್ಪಗಾಯ್ತು. "ಥೂ ಹೋಗಜ್ಜಿ... ಸುಮ್ನೆ ಆದ್ರೂ ಹೂಂ ಅನ್ನು" ಅಂತ ನನ್ ತೊಡೆ ಅಳ್ಳಾಡಿಸಿದ್ಲು.

ಅನ್ಲಿಲ್ಲ.