ನೀರಿನ ಮೈ ಅಲುಗಬೇಕು

ಹಿಂದವಾಡಿಯ ಆ ಮನೆಯ ಮಹಡಿಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನರು ಗುರುಪುತ್ರಪ್ಪ, ಅವರ ಹೆಂಡತಿ ಗೌರವ್ವ, ಮತ್ತೆ ಆರು ಬಂಗಾರದ ಮೀನು. ಖಾನಾಪುರದ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಣ್ಣಿನ ಧೂಳು ಕುಡಿದು ಬಂದ ಮನುಷ್ಯ ಗುರುಪುತ್ರಪ್ಪ. ದಿನಾ ದೇಸೂರ ದಾಟಿ ರೈಲಿನಲ್ಲಿ ಹೋಗಿ ಬರುತ್ತಿದ್ದವರು, ಈಗ ಗೇಟಿನವರೆಗೆ ನಡೆದರೆ ದೊಡ್ಡದು. ಕೆಲಸ ಬಿಟ್ಟ ವರ್ಷ, ಎರಡು ಸಾವಿರದ ಇಸವಿಯಲ್ಲಿ, ಗಾಜಿನ ತೊಟ್ಟಿ ತಂದು ಮಂಚದ ಪಕ್ಕ ಇಟ್ಟುಕೊಂಡರು.

ಪಂಪಿನ ನಳಿಕೆಯಿಂದ ಗುಳ್ಳೆ ಏಳುವುದನ್ನು ನೋಡುತ್ತ ಕೂತರೆ ಅವರಿಗೆ ಹೊತ್ತೇ ತಿಳಿಯುತ್ತಿರಲಿಲ್ಲ. ನನಗೂ ಅಷ್ಟೆ. ಆ ಹಸಿರು ಬೆಳಕಿನಲ್ಲಿ ಅರ್ಧ ನಿದ್ದೆಗೆ ಜಾರಿ, ಚಹಾ ಆರಿಸಿಕೊಂಡು, ಗೌರವ್ವನಿಂದ ಬೈಸಿಕೊಂಡದ್ದುಂಟು.

"ಗುಳ್ಳಿ ಗಾಳಿ ಕೊಡ್ತಾವ ಅಂತಾರ. ಖರೇ ಅಂದ್ರ ಅವು ನೀರಿನ ಮೈ ಅಲುಗಾಡಸ್ತಾವ್ರಿ. ಮ್ಯಾಲಿನ ನೀರು ಅಲುಗಿದ್ರನ ಗಾಳಿ ಒಳಗ ಇಳಿಯೂದು," ಎಂದು ಗುರುಪುತ್ರಪ್ಪ ಪಾಠ ಹೇಳುತ್ತಿದ್ದರು. ಒಂದು ಮೀನು ಸತ್ತರೆ ಎರಡು ದಿನ ರೊಟ್ಟಿ ಮುಟ್ಟುತ್ತಿರಲಿಲ್ಲ. ಆ ಮಂಚದ ಮೇಲೆ ಅವರಿಗೆ ಬೇರೆ ಲೋಕವೇ ಇರಲಿಲ್ಲ.

ಗೌರವ್ವನದು ಗಟ್ಟಿ ಜೀವ, ಗಟ್ಟಿ ಬಾಯಿ. ಗಂಡ ಏದುಸಿರು ಬಿಡುತ್ತ ಕೂತರೆ, "ಕೆಲಸ ಹೇಳಿದ್ರ ಸಾಕು, ಇವರಿಗೆ ದಮ್ಮು ಬರತೈತಿ," ಎಂದು ನನ್ನೆದುರೇ ಆಡಿಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ. ನಗಬಾರದಿತ್ತು.

ಮನೆಯಲ್ಲಿ ತುಂಬಿ ನಿಂತ ನೀರೆಲ್ಲ ಆಕೆಗೆ ಗಂಗವ್ವ. ಹಂಡೆಗೂ ಕುಂಕುಮ, ಬಾವಿಗೂ ಕುಂಕುಮ. ತೊಟ್ಟಿ ಬಂದ ಮೇಲೆ ಅದರ ಗಾಜಿಗೂ ಕುಂಕುಮ ಬಿತ್ತು. ಕಾರ್ತಿಕದ ಒಂದು ಸೋಮವಾರ ಸಂಜೆ, ಗಂಡ ತೂಕಡಿಸುತ್ತಿದ್ದಾಗ, ಬಾಳೆದಿಂಡಿನ ಬಿಲ್ಲೆಗಳ ಮೇಲೆ ಐದು ಪಣತಿ ಹಚ್ಚಿಟ್ಟು ತೊಟ್ಟಿಯಲ್ಲಿ ತೇಲಿಬಿಟ್ಟರು. ದೇವರ ಕೆಲಸಕ್ಕೆ ಕೈ ಬಿಗಿ ಹಿಡಿಯುವವರಲ್ಲ, ಎಣ್ಣೆ ತುಳುಕುವಷ್ಟಿತ್ತು. ಗುಳ್ಳೆಗೆ ದೀಪ ಅಲುಗಾಡುತ್ತವೆಂದು ಪಂಪನ್ನೂ ನಿಲ್ಲಿಸಿದರು. ಆಮೇಲೆ ಕರೆಂಟೂ ಹೋಯಿತು.

ಕತ್ತಲಲ್ಲಿ ನೀರೇ ಹೊತ್ತಿಕೊಂಡಂತಿತ್ತು. ದೀಪಗಳು ತೇಲಿ ಒಂದಕ್ಕೊಂದು ತಾಗಿ, ಎಣ್ಣೆ ಚೆಲ್ಲಿ, ನೀರಿನ ಮೇಲೆ ತೆಳುವಾದ ಬಣ್ಣದ ಪೊರೆ ಹರಡಿತು. ಗೋಡೆಯ ಮೇಲೆ ಬೆಳಕು ಮೆಲ್ಲಗೆ ತೂಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನನಗೆ ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಎಷ್ಟೋ ಹೊತ್ತಿನ ಮೇಲೆ ಆರೂ ಮೀನು ಮೇಲೆ ಬಂದು, ದೀಪಗಳ ನಡುವೆ ಬಾಯಿ ತೆರೆದು ನಿಂತವು.

"ನೋಡ್ರಿ, ಮೂಕ ಜೀವಾನೂ ಶಿವನ ಹೆಸರು ಹೇಳಾಕತ್ತಾವ," ಎಂದು ಗೌರವ್ವ ಕೈಮುಗಿದರು. ಓದಿದವನಾದ ನಾನೂ ಮುಗಿದೆ.

ಗುರುಪುತ್ರಪ್ಪ ಕಣ್ಣು ಬಿಟ್ಟರು. ಒಂದೇ ನೋಟ ಸಾಕಾಯಿತು. "ದೀಪ ತಗೀರಿ! ಅವಕ್ಕ ಉಸಿರು ಸಿಗವಲ್ದು!"

ನಾನು ದೀಪಗಳನ್ನೆತ್ತಿ ಪಕ್ಕಕ್ಕಿಟ್ಟೆ. ಗುರುಪುತ್ರಪ್ಪ ಹಳೆಯ ಪೇಪರಿನ ಹಾಳೆಯನ್ನು ನೀರಿನ ಮೇಲೆ ಹಾಸಿ ಎತ್ತಿದರು. ಎಣ್ಣೆ ಅದಕ್ಕೆ ಅಂಟಿ ಬಂತು. ಇನ್ನೊಂದು ಹಾಳೆ, ಮತ್ತೊಂದು. ಆಮೇಲೆ ತಂಬಿಗೆಯಲ್ಲಿ ನೀರೆತ್ತಿ ಮೊಳದೆತ್ತರದಿಂದ ಸುರಿದರು, ಮತ್ತೆ ಎತ್ತಿದರು, ಮತ್ತೆ ಸುರಿದರು. ನಾನು ಕೈಚಾಚಿದರೂ ತಂಬಿಗೆ ಕೊಡಲಿಲ್ಲ. ಹತ್ತು ತಂಬಿಗೆ ಸುರಿಯುವುದರೊಳಗೆ ಅವರ ಎದೆ ಸಿಳ್ಳೆ ಹಾಕತೊಡಗಿತು. ಕುತ್ತಿಗೆಯ ನರ ಬಿಗಿದು, ಬಾಯಿ ತೆರೆದು, ಗಾಳಿಗಾಗಿ ತಡಕಾಡಿದರು. ಗೌರವ್ವ ಮೀನಿನ ಬಾಯಿ ನೋಡಿದರು. ಗಂಡನ ಬಾಯಿ ನೋಡಿದರು.

"ನಿಮಗೂ ಹಿಂಗ ಆಗತೈತೇನ್ರೀ?"

ಅವರು ಹೌದೆಂದು ತಲೆಯಾಡಿಸಿದರು.

"ಇಷ್ಟ ವರ್ಷ ಯಾಕ ಹೇಳಲಿಲ್ರಿ ಮತ್ತ?"

"ಹೇಳಾಕೂ... ಉಸಿರು ಬೇಕಲ್ಲ."

ಗೌರವ್ವ ತಂಬಿಗೆ ಕಸಿದುಕೊಂಡು, ಗಂಡನನ್ನು ಮಂಚದ ಮೇಲೆ ಕೂರಿಸಿ, ತಾವೇ ಸುರಿಯತೊಡಗಿದರು. ಒಂದೊಂದೇ ಮೀನು ಕೆಳಗಿಳಿಯಿತು. ಕರೆಂಟು ಬಂದು ನಾನು ಪಂಪು ಹಚ್ಚಿದ ಮೇಲೂ, ಅಳುತ್ತ, ಅವರು ಸುರಿಯುತ್ತಲೇ ಇದ್ದರು.