ಬಿಚ್ಚದೆ ಉಳಿದ ಒಂದು ಮೀನು

ಹದಿಮೂರನೆಯ ಸುತ್ತಿಗೆ ಮೈಮುನಾ ದಾರವನ್ನು ಬಿಗಿಹಿಡಿದು ನಿಲ್ಲಿಸುತ್ತಾರೆ. ಹೊಲಿಗೆ ಮೆಷಿನ್ನಿನ ಹಲಗೆಗೆ ಸಿಕ್ಕಿಸಿದ ಸಣ್ಣ ಇಕ್ಕಳ ಒಂದು ಗಾಳವನ್ನು ಕಚ್ಚಿಕೊಂಡಿದೆ. ಗಾಳದ ಮೈಗೆ ಬೆಳ್ಳಿ ಜರಿ ಸುತ್ತಿಯಾಗಿದೆ. ಈಗ ಅದರ ಬೆನ್ನಿಗೆ ಮೇಕೆಯ ಬಿಳಿ ಕೂದಲಿನ ಪುಟ್ಟ ಕುಚ್ಚು, ಅದರ ಮೇಲೆ ನೀಲಿ ಬಣ್ಣದಲ್ಲಿ ಅದ್ದಿದ ಕೋಳಿಗರಿ. ಮತ್ತೆ ಆರು ಸುತ್ತು. ಬೆಳಗಿನ ನಮಾಜು ಮುಗಿದು ಇನ್ನೂ ಅರ್ಧ ಗಂಟೆಯಾಗಿಲ್ಲ. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಕೇರಳದ ಕಡೆಗೆ ಹೊರಟ ಈರುಳ್ಳಿ ಲಾರಿಗಳು ಗೇರು ಬದಲಿಸುವ ಸದ್ದು ಈ ಒಂದು ಕೋಣೆಯ ಮನೆಯೊಳಗೆ ಕೇಳುತ್ತದೆ.

ತಲೆಯ ಮೇಲೆ ಸೂಜಿಮೊನೆಯಿಂದ ಬಣ್ಣದ ಎರಡು ಕಣ್ಣು ಇಟ್ಟು, ಆರಿದ ಮೇಲೆ ಅದನ್ನು ನೀರಿನ ಬಕೆಟ್ಟಿಗೆ ಬಿಟ್ಟು ದಾರ ಜಗ್ಗುತ್ತಾರೆ. ಅಷ್ಟು ಹೊತ್ತು ಗರಿಯ ಗುಡ್ಡೆಯಂತಿದ್ದದ್ದು ಬಾಲ ಬಳುಕಿಸುತ್ತಾ ಬಕೆಟ್ಟಿನ ಅಂಚಿನುದ್ದಕ್ಕೂ ಈಜುತ್ತದೆ.

"ಒಣಗಿದ್ರೆ ಹಕ್ಕಿ, ನೆಂದ್ರೆ ಮೀನು," ಅನ್ನುತ್ತಾರೆ ಮೈಮುನಾ.

ನೀಲಗಿರಿಯ ತಣ್ಣನೆ ಹೊಳೆ, ಕೆರೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಅದು ಮರಿಮೀನುಗಳನ್ನು ಅಟ್ಟಿ ತಿನ್ನುತ್ತದೆ. ಅದನ್ನು ಹಿಡಿಯುವ ಹವ್ಯಾಸದವರು ಹುಳು ಸಿಕ್ಕಿಸುವುದಿಲ್ಲ. ಮರಿಮೀನಿನಂತೆ ಕಾಣುವ ಈ ಕೂದಲು ಗರಿಯ ಮೀನನ್ನು ಎಸೆದು ಎಳೆಯುತ್ತಾರೆ. ಊಟಿಯ ಏಜೆಂಟ್ ಕುಮಾರಸ್ವಾಮಿ ಗಾಳ ಮತ್ತು ದಾರ ಕಳಿಸುತ್ತಾರೆ, ಕಟ್ಟಿದ್ದನ್ನು ಬಸ್ಸಿನಲ್ಲಿ ತರಿಸಿಕೊಳ್ಳುತ್ತಾರೆ. ದಿನಕ್ಕೆ ಇಪ್ಪತ್ತನಾಲ್ಕು ಕಟ್ಟುವ ಮೈಮುನಾ ಇದುವರೆಗೆ ಒಂದು ಟ್ರೌಟನ್ನೂ ಕಂಡಿಲ್ಲ. ಪಕ್ಕದ ಮನೆಯ ಪುಟ್ಟಮಾದಮ್ಮನಿಗೆ ಇದು ಮುಗಿಯದ ತಮಾಷೆ. ಬಾಗಿಲಿಗೆ ಬಂದಾಗಲೆಲ್ಲ ಒಂದು ಮಾತು ಎಸೆದೇ ಹೋಗುತ್ತಾರೆ: "ಮನುಸ್ರಿಗೆ ಮೋಸ ಮಾಡೋರ ನೋಡಿವ್ನಿ. ಕಾಣ್ದಿರೋ ಮೀನ್ಗೆ ಮೋಸ ಮಾಡೋಳು ನೀನೊಬ್ಳೇ ಕಣವ್ವ."

ಈ ಕೆಲಸ ಮೈಮುನಾ ಅವರದಾಗಿರಲಿಲ್ಲ. ಗಂಡ ಮಹಬೂಬ್ ಹರೆಯದಲ್ಲಿ ಊಟಿ ಆಚೆಯ ಒಂದು ಅತಿಥಿಗೃಹದಲ್ಲಿ ಅಡುಗೆಗೆ ಇದ್ದವರು; ಅಲ್ಲಿಗೆ ಮೀನು ಹಿಡಿಯಲು ಬರುತ್ತಿದ್ದ ಮುದುಕರೊಬ್ಬರಿಂದ ಕಲಿತು ಬಂದರು. ಹದಿನೆಂಟು ವರ್ಷ ಅವರು ಕಟ್ಟಿದರು. ಮೈಮುನಾ ಬಕ್ರೀದಿನಲ್ಲಿ ಮನೆಮನೆಯಿಂದ ಮೇಕೆ ಬಾಲ ತಂದು, ಕೂದಲು ತೊಳೆದು, ಒಣಗಿಸಿ, ಉದ್ದ ನೋಡಿ ವಿಂಗಡಿಸಿ ಕೊಟ್ಟರು. ಗಾಳವನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆನೋವು ಅಂತ ಮಲಗಿದ ಮಹಬೂಬ್ ಮತ್ತೆ ಏಳಲಿಲ್ಲ.

ಆಮೇಲಿನ ನಾಲ್ಕು ತಿಂಗಳು ಹತ್ತು ದಿನ ಇದ್ದತ್. ಗಂಡನನ್ನು ಕಳೆದುಕೊಂಡ ಹೆಣ್ಣು ಹೊರಗೆ ಹೋಗದೆ, ಸಿಂಗರಿಸಿಕೊಳ್ಳದೆ ಮನೆಯೊಳಗೇ ಇರುವ ಕಾಲ. ಮಹಬೂಬ್ ಒಪ್ಪಿಕೊಂಡಿದ್ದ ಕೆಲಸ ಅರ್ಧಕ್ಕೆ ನಿಂತಿತ್ತು. ಕುಮಾರಸ್ವಾಮಿ ಹಿಂಜರಿಯುತ್ತಲೇ ಫೋನಿನಲ್ಲಿ ಕೇಳಿದಾಗ, ಕಳಿಸ್ತೀವಿ ಅಂದುಬಿಟ್ಟರಂತೆ ಮೈಮುನಾ. ಹೇಳಿಕೊಡಲು ಯಾರೂ ಇರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಗಂಡ ಮಾದರಿಗೆಂದು ಎತ್ತಿಟ್ಟಿದ್ದ ಮೂವತ್ತಮೂರು ಮೀನುಗಳಿದ್ದವು. ಒಂದನ್ನು ತೆಗೆದು, ಸುತ್ತು ಎಣಿಸುತ್ತಾ ಬಿಚ್ಚಿದರು. ಬಿಚ್ಚಿದ್ದನ್ನು ಹಿಂದುಮುಂದಾಗಿ ಕಟ್ಟಿದರು. ಬರಲಿಲ್ಲ. ಇನ್ನೊಂದನ್ನು ಬಿಚ್ಚಿದರು.

"ಅವ್ರು ಕೊನೇಲಿ ಹಾಕಿದ್ ಸುತ್ತು ನಂಗೆ ಮೊದ್ಲು ಸಿಗೋದು," ಅನ್ನುತ್ತಾರೆ. "ಒಂದ್ರೊಳಗೆ ಒಂದು ಬಿಳಿ ಕೂದ್ಲು ಸಿಗ್ತು. ಮೇಕೇದಾ, ಅವ್ರ ಗಡ್ಡದ್ದಾ ಗೊತ್ತಾಗ್ನಿಲ್ಲ. ತುಂಬ ಹೊತ್ತು ನೋಡ್ದೆ. ಆಮೇಲೆ ಅದ್ನೂ ಸೇರಿಸ್ಕಂಡು ಕಟ್ಬುಟ್ಟೆ."

ಮೊದಲ ಬಾರಿ ಕಳಿಸಿದ ನೂರು ಮೀನುಗಳೂ ಹಿಂದಕ್ಕೆ ಬಂದವು. ತಲೆಯ ದಾರ ಸಡಿಲಾಗದಿರಲು ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಬೇಕು. ಇದ್ದತ್‌ನಲ್ಲಿರುವವಳು ನೇಲ್ ಪಾಲಿಶ್ ತರಿಸುವುದು ಹೇಗೆ ಅಂತ ಮೈಮುನಾ ಅದನ್ನು ಬಿಟ್ಟಿದ್ದರು. ಕೊನೆಗೆ ಮಗಳು ಫರ್ಹೀನ್ ತಂದುಕೊಟ್ಟಳು. ನೋಡಲು ಬಂದ ನೆಂಟರ ಹೆಂಗಸೊಬ್ಬರು ವಾಸನೆ ಹಿಡಿದು, ಗಂಡನ ಮಣ್ಣು ಒಣಗುವ ಮೊದಲೇ ಉಗುರಿಗೆ ಬಣ್ಣ ಬೇಕಾಯ್ತಾ ಅಂದರು. ಮೈಮುನಾ ಹತ್ತು ಬೆರಳನ್ನೂ ಅವರ ಮುಂದೆ ಚಾಚಿ ತೋರಿಸಿದರು. ಉಗುರುಗಳಲ್ಲಿ ಬಣ್ಣವಿರಲಿಲ್ಲ, ಗಾಳ ಚುಚ್ಚಿದ ಗಾಯಗಳಿದ್ದವು.

ಇದ್ದತ್ ಮುಗಿಯುವಷ್ಟರಲ್ಲಿ ಕೈ ಕುದುರಿತು. ಡಬ್ಬಿಯಲ್ಲಿ ಒಂದೇ ಮೀನು ಉಳಿಯಿತು. "ಕಲಿಯೋ ಭರದಲ್ಲಿ ತಿಳೀನೇ ಇಲ್ಲ. ಒಂದಿನ ಡಬ್ಬಿಗೆ ಕೈಯಾಕ್ದೆ, ತಳ ಸಿಗ್ತು. ಅವ್ರು ಕಟ್ಟಿದ್ನೆಲ್ಲ ನಾನೇ ಬಿಚ್ಚಾಕ್ಬುಟ್ಟಿದ್ದೆ."

ಉಳಿದದ್ದು ಗೇಣುದ್ದದ ಮೀನು. ತೀರಿಕೊಳ್ಳುವ ಹಿಂದಿನ ವಾರ ಮಹಬೂಬ್ ಕಟ್ಟಿದ್ದು. ಅಷ್ಟು ದೊಡ್ಡದನ್ನು ಯಾರೂ ಕೇಳದ್ದರಿಂದ ಬಿಚ್ಚುವ ಅಗತ್ಯ ಬರಲಿಲ್ಲ. ಈಗ ಬಂದಿದೆ. ಹಳೆಯ ಗಿರಾಕಿಯೊಬ್ಬರಿಗೆ ಅಷ್ಟು ದೊಡ್ಡದೇ ಬೇಕು, ಮುನ್ನೂರು ಬೇಕು. ಶುಕ್ರವಾರದೊಳಗೆ ಮಾದರಿ ಹೋಗದಿದ್ದರೆ ಈ ಸಲದ ಕೆಲಸ ಪೂರ್ತಿ ಬೇರೆ ಊರಿನ ಕಾರ್ಖಾನೆಗೆ ಹೋಗುತ್ತದೆ. ಇವತ್ತು ಬುಧವಾರ.

ಹೊರಗಿನಿಂದ ನೋಡಿಕೊಂಡು ಮೈಮುನಾ ಹನ್ನೊಂದು ಸಲ ಕಟ್ಟಿದ್ದಾರೆ. ಹನ್ನೊಂದೂ ಬಕೆಟ್ಟಿನಲ್ಲಿ ಸೋತಿವೆ: ಉದ್ದ ಕೂದಲು ಹಿಂದಕ್ಕೆ ಮಡಚಿ ಗಾಳದ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಮಹಬೂಬರ ಮೀನು ಸುತ್ತಿಕೊಳ್ಳುವುದಿಲ್ಲ. ಕೂದಲಿನ ಕೆಳಗೆ ಅವರು ಏನೋ ಆಸರೆ ಕೊಟ್ಟಿದ್ದಾರೆ. ಅದು ಕಾಣುವುದು ಬಿಚ್ಚಿದರೆ ಮಾತ್ರ.

ನಿನ್ನೆ ಮೈದುನ ಜಾಹಿದ್ ಬಂದು, ಅತ್ತಿಗೆ ಸುಮ್ಮನೆ ಕಣ್ಣು ಹಾಳುಮಾಡಿಕೊಳ್ಳುವುದು ಬೇಡ ಅಂದರು. ಆ ದೊಡ್ಡ ಮೀನನ್ನು ಕುಮಾರಸ್ವಾಮಿಗೆ ಕೊಟ್ಟುಬಿಟ್ಟರೆ ಕಾರ್ಖಾನೆಯವರೇ ಬಿಚ್ಚಿ ನೋಡಿಕೊಳ್ಳುತ್ತಾರೆ, ಒಂದಿಷ್ಟು ಕೈಗೂ ಸಿಗುತ್ತದೆ. ತಪ್ಪು ಮಾತಲ್ಲ. ಫರ್ಹೀನ್ ಮಾತ್ರ ರಾತ್ರಿಯಿಡೀ ಚಿಕ್ಕಪ್ಪನ ಮೇಲೆ ಸಿಟ್ಟಾಗಿದ್ದಳು. ಅಬ್ಬಾ ಕಟ್ಟಿದ್ದು ಇದೊಂದೇ ಇರೋದು, ಯಾರೂ ಮುಟ್ಟಕೂಡದು, ಗಾಜಿನ ಡಬ್ಬಿಯಲ್ಲಿಡೋಣ ಅನ್ನುವುದು ಅವಳ ಮಾತು. ಅದೂ ತಪ್ಪಲ್ಲ.

ಎಂಟಕ್ಕೆ ಚಾಮರಾಜನಗರದ ಕಾಲೇಜಿಗೆ ಹೊರಟ ಫರ್ಹೀನ್ ಹೊಸಿಲಲ್ಲಿ ನಿಂತು, ಚಾಚಾ ಸ್ಟ್ಯಾಂಡಿನಲ್ಲಿ ಸಿಕ್ಕರೆ ಏನು ಹೇಳಲಿ ಅಂತ ಕೇಳುತ್ತಾಳೆ.

"ಬಸ್ ಓಯ್ತದೆ, ನಡಿ ಬೇಟಿ," ಅನ್ನುತ್ತಾರೆ ಮೈಮುನಾ.

ಅವಳ ಚಪ್ಪಲಿ ಸದ್ದು ಗಲ್ಲಿಯ ತಿರುವು ದಾಟುವವರೆಗೆ ಕಾಯುತ್ತಾರೆ. ಇಕ್ಕಳದಲ್ಲಿದ್ದ ಅರೆಕಟ್ಟಿದ ಮೀನನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಡಬ್ಬಿಯಿಂದ ದೊಡ್ಡ ಮೀನನ್ನು ತಂದು ಅದರ ಜಾಗದಲ್ಲಿ ಸಿಕ್ಕಿಸಿ, ಹಲಗೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಳ್ಳುತ್ತಾರೆ. ನೀಲಿ ಬೆನ್ನನ್ನು ಒಮ್ಮೆ ಬೆರಳಲ್ಲಿ ಸವರುತ್ತಾರೆ. ಹೊಸ ಬ್ಲೇಡನ್ನು ಎರಡಾಗಿ ಮುರಿದು ತಲೆಯ ಮೇಲೆ ಹಗುರವಾಗಿ ಗೀರಿದಾಗ ಗಟ್ಟಿಯಾದ ನೇಲ್ ಪಾಲಿಶ್ ಸಿಡಿದು ದಾರದ ತುದಿ ಏಳುತ್ತದೆ. ಕಾಲ ಬಳಿ ಫೋನು ಎರಡು ಸಲ ರಿಂಗಾಗಿ ನಿಲ್ಲುತ್ತದೆ, ಅದರತ್ತ ನೋಡುವುದಿಲ್ಲ. ತುದಿಯನ್ನು ಎರಡು ಉಗುರುಗಳ ನಡುವೆ ಹಿಡಿದು, ತುಟಿಯೊಳಗೇ ಒಂದು ಎಂದು ಎಣಿಸಿ, ಮಹಬೂಬರ ಕೈ ಕೊನೆಯದಾಗಿ ಹಾಕಿದ ಸುತ್ತನ್ನು ಬಿಚ್ಚುತ್ತಾರೆ.